ಕುಳ್ಳಯ್ಯನ ಸೀಟಿ

ನಮ್ಮಪ್ಪ ಕುಳ್ಳಯ್ಯ ನನ್ನ ಹೆಸರು ಮರೆತಿದ್ದರೂ ನಾನು ತಡೆದುಕೊಳ್ಳುತ್ತಿದ್ದೆ. ಆ ಮಹಾನುಭಾವ ತನ್ನ ಕೆಲಸ ಮುಗಿದಿದೆ ಅನ್ನುವುದನ್ನೇ ಮರೆತುಬಿಟ್ಟ. ಪಾಂಡವಪುರದಾಚೆ ನಮ್ಮೂರ ನಾಲೆಯ ತೂಬಿಗೆ ನೀರುಗಂಟಿಯಾಗಿದ್ದವನು ಅವನು. ಮೊದಲು ಸೀಟಿ ಊದಬೇಕು, ನಾಲೆಗೆ ಇಳಿದವರು ಮೇಲೆ ಹತ್ತಬೇಕು, ಆಮೇಲೆ ಗೇಟಿನ ಚಕ್ರ ತಿರುಗಿಸಬೇಕು. ಈಗ ಆ ಕೆಲಸ ನನ್ನ ಗಂಡ ಮರಿಸ್ವಾಮಿಯದು. ಅವನು ನಿಲ್ಲುವ ಜಾಗಕ್ಕೆ ತಿರುವಿನಾಚೆ ಬಟ್ಟೆ ಒಗೆಯುವ ಮೆಟ್ಟಿಲು ಕಾಣುವುದಿಲ್ಲ. ಸೀಟಿಯನ್ನೇ ನಂಬಬೇಕು.

ಸಾವಿರದ ಒಂಬೈನೂರ ಅರವತ್ತೆಂಟರ ಬೇಸಿಗೆಯಲ್ಲಿ ಅಪ್ಪ ಹೊತ್ತುಗೊತ್ತಿಲ್ಲದೆ ನಾಲೆಯ ಏರಿ ಮೇಲೆ ನಿಂತು ಊದತೊಡಗಿದ. ಮೊದಮೊದಲು ಹೆಂಗಸರು ಎದ್ದೆವೋ ಬಿದ್ದೆವೋ ಎಂದು ಮೇಲಕ್ಕೆ ಓಡಿದರು. ನೀರು ಬರಲಿಲ್ಲ. ಆಮೇಲೆ ನಿಂತಲ್ಲೇ ನಕ್ಕರು. ನಾನು ಸಿಟ್ಟು ಬಂದು ಸೀಟಿ ಕಿತ್ತು ಬಾವಿಗೆ ಎಸೆದೆ. ಅಪ್ಪ ಎರಡು ಬೆರಳು ಬಾಯಿಗಿಟ್ಟು ಅದೇ ಸದ್ದು ತೆಗೆದ. ತಲೆ ಚಚ್ಚಿಕೊಳ್ಳುವುದೊಂದು ಬಾಕಿ!

ಮೈಸೂರಿನ ಒಂದು ಮಠದಲ್ಲಿ ವಯಸ್ಸಾದವರನ್ನು ಇಟ್ಟುಕೊಂಡು ನೋಡಿಕೊಳ್ಳುತ್ತಾರೆಂದು ಕೇಳಿದ್ದೆ. ಅಪ್ಪನಿಗೆ ಹೇಳಿದೆ.

“ನಾ ಬರಾಕಿಲ್ಲ ಕಣವ್ವ. ನಾ ಊದ್ದೆ ಓದ್ರೆ ಜನ ಕೊಚ್ಕೊಂಡೋಯ್ತಾರೆ,” ಅಂದ.

ಅವನ ಕೈ ಹಿಡಿದು ಮೆಟ್ಟಿಲ ಹತ್ತಿರ ಕರೆದುಕೊಂಡು ಹೋದೆ. ಪಕ್ಕದ ಮನೆ ದ್ಯಾವಮ್ಮ ಕೂಸನ್ನು ಕೆಳಗಿನ ಮೆಟ್ಟಿಲ ಮೇಲೆ ಕೂರಿಸಿಕೊಂಡು ಸೀರೆ ಸೆಣೆದು ಒಗೆಯುತ್ತಿದ್ದಳು. ಸುತ್ತ ನಾಲ್ಕಾರು ಹೆಂಗಸರು.

“ಊದಪ್ಪ ಈಗ,” ಅಂದೆ.

ಊದಿದ. ಒಬ್ಬರೂ ತಲೆ ಎತ್ತಲಿಲ್ಲ.

“ಊದ್ಕೊಳ್ಳಿ ಬುಡಿ, ಕುಳ್ಳಯ್ಯನೋರ್ಗೆ ಬ್ಯಾರೆ ಏನ್ ಕೆಲ್ಸ!” ಅಂದಳು ದ್ಯಾವಮ್ಮ. ಎಲ್ಲ ಗೊಳ್ಳೆಂದರು.

“ನೋಡ್ದಾ? ನಾಳೆ ನಿನ್ ಅಳಿಯ ನಿಜವಾಗ್ಲೂ ಊದ್ತಾನೆ. ಆಗ್ಲೂ ಇಂಗೇ ಕುಂತಿರ್ತಾರೆ,” ಅಂದೆ.

ಅಪ್ಪ ಆ ಕೂಸನ್ನೇ ನೋಡುತ್ತ ನಿಂತ. ಎಷ್ಟೋ ತಿಂಗಳ ಮೇಲೆ ಅವನ ಕಣ್ಣಿನಲ್ಲಿ ಹಳೆಯ ಅಪ್ಪ ಕಂಡ. ಬೆರಳನ್ನು ಪಂಚೆಗೆ ಒರೆಸಿಕೊಂಡ.

“ಅಂಗಾದ್ರೆ ನಾ ಇಲ್ಲಿರಬಾರ್ದು. ನಾಳೆ ಬಸ್ಸಿಗೇ ಕರ್ಕೊಂಡೋಗವ್ವ,” ಅಂದ.

ಆ ರಾತ್ರಿಯೇ ಅವನ ಬಟ್ಟೆ ಗಂಟು ಕಟ್ಟಿದೆ. ಊರಿಗೆ ಹೇಳಲಿಲ್ಲ. ಹೇಳಿದರೆ ಹೆತ್ತಪ್ಪನನ್ನು ಮಠಕ್ಕೆ ಹಾಕಿದಳು ಅಂತ ಮುಖಕ್ಕೆ ಉಗಿಯುತ್ತಿದ್ದರು. ಬೆಳಿಗ್ಗೆ ಅವನ ತಲೆಗೆ ಟವಲು ಸುತ್ತಿ ಹಿತ್ತಲ ದಾರಿಯಲ್ಲಿ ಕರೆದುಕೊಂಡು ಹೊರಟೆ.

“ಇವತ್ತಿಂದ ನನ್ ಸೀಟಿಗೆ ಮರ್ವಾದೆ ಬಂತು ಬುಡು,” ಅಂದ ಮರಿಸ್ವಾಮಿ. ತೂಬಿನ ಕಡೆ ಹೋದ.

ನಾಲೆಯ ಸೇತುವೆ ಮೇಲೆ ಎದುರಿಗೆ ಕಬ್ಬಿನ ಗಾಡಿ ಬಂದು ನಾವು ಹತ್ತಿದ್ದ ಬಸ್ಸು ನಿಂತಿತು. ಕಿಟಕಿಯಿಂದ ಮೆಟ್ಟಿಲು ಕಾಣುತ್ತಿತ್ತು. ದ್ಯಾವಮ್ಮ, ಅವಳ ಕೂಸು, ಅದೇ ಹೆಂಗಸರು. ಆಗ ಸೀಟಿ ಕೇಳಿಸಿತು, ಉದ್ದಕ್ಕೆ.

ಯಾರೂ ಏಳಲಿಲ್ಲ.

ಅಪ್ಪ ಕಿಟಕಿಯ ಸರಳು ಹಿಡಿದು ಎದ್ದು ನಿಂತ.

“ಅದು ನಂದಲ್ಲ ಕಣ್ರವ್ವೋ! ನಾ ಇಲ್ಲಿವ್ನಿ! ಮ್ಯಾಕೆ ಅತ್ರವ್ವೋ!”

ಹೆಂಗಸರು ಸೇತುವೆಯತ್ತ ತಿರುಗಿದರು. ಕೈ ಬೀಸುತ್ತ ಕೂಗುತ್ತಿದ್ದ ಅವನನ್ನು ಕಂಡು ಒಬ್ಬರ ಮೈಮೇಲೊಬ್ಬರು ಬಿದ್ದು ನಕ್ಕರು.

“ನೋಡ್ರೇ, ಬಸ್ಸತ್ತಿದ್ರೂ ಊದೋದು ಬುಡ್ನಿಲ್ಲ!”

ನಾನು ಜನರನ್ನು ತಳ್ಳಿಕೊಂಡು ಬಸ್ಸಿನಿಂದ ಧುಮುಕಿದೆ. ಬಾಯಿ ಬಡಿದುಕೊಳ್ಳುತ್ತ ಏರಿ ಮೇಲೆ ಓಡಿದೆ. ಹಿಂದಿನಿಂದ ಅಪ್ಪ ಬೆರಳು ಬಾಯಿಗಿಟ್ಟು ಊದುತ್ತಿದ್ದ. ಆಚೆಯಿಂದ ಮರಿಸ್ವಾಮಿ ಎರಡನೇ ಸಲ ಊದಿದ. ತಿರುವಿನಲ್ಲಿ ಕೆಂಪು ನೀರು ಕಾಣಿಸಿತು. ದ್ಯಾವಮ್ಮ ಅದಕ್ಕೆ ಬೆನ್ನು ಹಾಕಿ, ನಾನು ಓಡಿ ಬರುವುದನ್ನು ಕೂಸಿಗೆ ತೋರಿಸುತ್ತ ನಗುತ್ತಿದ್ದಳು.