ಬಟ್ಟಿ ತನ್ನ ಜಾಗದಲ್ಲೇ ಇತ್ತು

ಹೊಟ್ಟೆನೋವು ಬಂದರೆ ನಮ್ಮ ಕಡೆ ಎರಡೇ ಮಾತು. ಗ್ಯಾಸು, ಇಲ್ಲವೇ ಬಟ್ಟಿ. ಹೊಕ್ಕುಳಿನ ನಾಡಿ ಜಾರಿದೆ ಅನ್ನುವುದಕ್ಕೇ ಬಟ್ಟಿ ಬೀಳುವುದು ಅನ್ನುತ್ತಾರೆ. ನಮ್ಮ ಹದಿನಾರು ಗ್ರಾಮದಲ್ಲಿ ಯಾರಿಗೆ ಬಟ್ಟಿ ಬಿದ್ದರೂ ಪುಟ್ಟಬಸಮ್ಮನ ಜಗಲಿಗೇ ಬರುತ್ತಿದ್ದರು. ಈಗ ಅವಳ ಮೊಮ್ಮಗಳು ಕವನಳಿಗೇ ನೋವು.

ಹಿಂದಿನ ಮಧ್ಯಾಹ್ನ ಹೊಕ್ಕುಳ ಸುತ್ತ ಹಿಡಿದ ನೋವು ಬರಬರುತ್ತಾ ಬಲಗಡೆ ಕೆಳಹೊಟ್ಟೆಗೆ ಇಳಿದಿತ್ತು. ವಾಂತಿಯಾಯಿತು, ಮೈ ಸುಡತೊಡಗಿತು. ತಾಯಿ ಚಲುವಮ್ಮ ತಿಂಗಳ ನೋವು ಅಂದಳು. ಅಜ್ಜಿ ಬಟ್ಟಿ ಅಂದಳು. ಬಟ್ಟಿಯನ್ನು ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲೇ ಎಣ್ಣೆ ಹಚ್ಚಿ ಉಜ್ಜಿ ತೆಗೆಯಬೇಕಂತೆ. ಹಾಗಾಗಿ ಬೆಳಗಾಗಲೆಂದು ಕಾದರು! ಅಣ್ಣ ದೀಪಕ್ ಮಾತ್ರ ಒಳಕ್ಕೂ ಹೊರಕ್ಕೂ ತಿರುಗಿ ತಿರುಗಿ, ಬೆಳಕು ಹರಿಯುತ್ತಲೇ ಆಶಾ ಕಾರ್ಯಕರ್ತೆ ವನಿತಾಳ ಮನೆಗೆ ಓಡಿದ.

ಅವರಿಬ್ಬರೂ ಬಂದಾಗ ಅಜ್ಜಿ ಹರಳೆಣ್ಣೆ ಹಿಡಿದು ಕೂತಿದ್ದಳು. ಕವನ ಮುದುಡಿ ಮಲಗಿದ್ದಳು.

"ಕಾಲು ನೀಡು ಕೂಸು."

"ಆಗಲ್ಲ ಅಜ್ಜಿ, ಜೀವ ಓಯ್ತದೆ!"

ಅಜ್ಜಿ ಹೊಕ್ಕುಳ ಮೇಲೆ ಬೆರಳೂರಿ, ಬಲಕ್ಕೆ ಸರಿಸಿದಳು. ಪಕ್ಕನೆ ಕೈ ತೆಗೆದಳು. ಅವಳ ಮುಖ ಬದಲಾದದ್ದು ದೀಪಕನ ಕಣ್ಣಿಗೆ ಬಿತ್ತು.

"ದೊಡ್ಡವ್ವ, ಎಣ್ಣೆ ಆಚೆ ಮಡುಗು. ಉಜ್ಜಬ್ಯಾಡ, ಕುಡುಸ್ಲೂಬ್ಯಾಡ," ಅಂದಳು ವನಿತಾ.

"ನೀ ಉಟ್ಟಕ್ ಮುಂಚಿಂದ ಬಟ್ಟಿ ತೆಗೀತಿವ್ನಿ ಕಣಮ್ಮಿ. ನಿಮ್ಮವ್ವನ ಎರಿಗೆ ಮಾಡ್ಸುದ್ದು ಯಾರು?"

"ನೀನೇ. ಅದ್ಕೇ ಓಡ್ಬಂದು ಯೋಳ್ತಿರೋದು. ಅಪೆಂಡಿಕ್ಸ್ ಇರಬೌದು. ಕರುಳಿಗೆ ಅಂಟ್ಕಂಡಿರೋ ಸಣ್ ಬಾಲ. ಊದ್ಕಂಡು ಒಡುದ್ರೆ ಕೀವು ಒಟ್ಟೆಗೆಲ್ಲ ಅರಡ್ತದೆ."

"ಅದೇ ಅಂತ ನೀ ಎಂಗ್ ಯೋಳಿಯೇ?"

"ಯೋಳಕ್ಕಾಗಲ್ಲ. ಕಿಡ್ನಿ ಕಲ್ಲಿರಬೌದು, ಅಂಡಾಶಯದಲ್ಲಿ ಗಂಟು ತಿರುಚ್ಕಂಡಿರಬೌದು. ನಂಗೂ ಕಾಣಲ್ಲ, ನಿಂಗೂ ಕಾಣಲ್ಲ. ಸ್ಕ್ಯಾನ್ ಮಾಡುದ್ರೆ ಕಾಣ್ತದೆ."

ಚಲುವಮ್ಮ ಸೆರಗು ಕಚ್ಚಿಕೊಂಡಳು. "ವಯಸ್ಸಿಗೆ ಬಂದ ಎಣ್ಣು. ಒಟ್ಟೆನೋವು ಅಂತ ಆಸ್ಪತ್ರೆಗೆ ಒತ್ಕಂಡೋದ್ರೆ ಊರು ಏನಂದದು?"

ದೀಪಕನ ನೆತ್ತಿ ಉರಿಯಿತು. "ಊರು ಬಂದು ವಾಂತಿ ಬಳುದದಾ ಅವ್ವ? ನಾಳೆ ಮಣ್ಣಿಗೆ ಬತ್ತದೆ, ಅಷ್ಟೇಯ!" ಅಜ್ಜಿಯ ಮುಂದೆ ಕುಕ್ಕರುಗಾಲಲ್ಲಿ ಕೂತ. "ಅಜ್ಜಿ, ದಿಟ ಯೋಳು. ನಿನ್ ಕೈಗೆ ಏನ್ ಸಿಕ್ತು? ಬಟ್ಟಿ ಜಾರಿತ್ತಾ?"

ಜಗಲಿಯಲ್ಲಿ ಬಟ್ಟಿ ತೆಗೆಸಲು ಬಂದ ಕರಿಯಪ್ಪ ಕಿವಿಯಾನಿಸಿ ಕೂತಿದ್ದ. ಅಜ್ಜಿ ಅವನತ್ತ ಒಮ್ಮೆ ನೋಡಿ ಕೈ ಒರೆಸಿಕೊಂಡಳು. ಕವನ ನರಳಿದಳು.

"ಇಲ್ಲ ಕಣ್ಲಾ," ಅಂದಳು ಕೊನೆಗೆ. "ನಾಡಿ ತನ್ ಜಾಗ್ದಲ್ಲೇ ಅದೆ. ಬಲಗಡೆ ಕಲ್ಲಿನಂಗೆ ಗಟ್ಟಿಯಾಗದೆ. ಇದು ನನ್ ಕೈಲಿ ಆಗೋದಲ್ಲ. ಏನ್ಲಾ ನೋಡ್ತಾ ಕುಂತಿದ್ದೀಯ, ಫೋನ್ ಮಾಡ್ಲಾ!"

108 ಆಂಬುಲೆನ್ಸ್ ಬಂತು. ನಂಜನಗೂಡಿನ ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿದರು, ಅಂದೇ ಆಪರೇಷನ್ನೂ ಆಯಿತು. "ಅಪೆಂಡಿಕ್ಸೇ. ಇನ್ನೇನು ಒಡೆಯುತ್ತಿತ್ತು. ಉಜ್ಜದೆ ಒಳ್ಳೇದು ಮಾಡಿದ್ರಿ," ಅಂದರು ಡಾಕ್ಟರು. ಚಲುವಮ್ಮ ಗೋಡೆಗೊರಗಿ ಅತ್ತಳು. ಅಲ್ಲಿಯವರೆಗೂ ನಿಂತೇ ಇದ್ದ ದೀಪಕ ಆಗಷ್ಟೇ ಕೂತ.

ಕವನ ಮನೆಗೆ ಬಂದ ಮಾರನೆಯ ದಿನವೇ ಕರಿಯಪ್ಪ ಮತ್ತೆ ಹಾಜರು. "ಅಕ್ಕ, ನಂದು ಯಾವಾಗ ತೆಗ್ದೀಯೆ? ಮೇಲ್ಗಡೆ ಒಟ್ಟೆ ಇಂಡ್ತದೆ, ಬೆವರು ಕಿತ್ಕ ಬತ್ತದೆ."

"ನಿನ್ ಬೆವರಿಗೆ ಬೆಂಕಿ ಆಕ! ಅದು ಎದೇದೋ ಏನೋ, ಯಾವನಿಗ್ಗೊತ್ತು? ದೀಪಕಾ, ಇವ್ನ ಈಗ್ಲೇ ಆಸ್ಪತ್ರೆಗೆ ಎತ್ತಾಕ್ಕಂಡೋಗ್ಲಾ!"

ಅಕ್ಕಂದಿರೇ, ಅಣ್ಣಂದಿರೇ, ಎಲ್ಲ ಹೊಟ್ಟೆನೋವೂ ಗ್ಯಾಸಲ್ಲ. ಪಿತ್ತಕೋಶದ ಕಲ್ಲು, ಹುಣ್ಣು ತೂತಾಗುವುದು, ಕರುಳು ಸಿಕ್ಕಿಕೊಳ್ಳುವುದು, ಬಸಿರು ಗರ್ಭಕೋಶದ ಹೊರಗೆ ನಿಲ್ಲುವುದು, ಕೆಲವೊಮ್ಮೆ ಹೃದಯಾಘಾತವೂ ಹೊಟ್ಟೆನೋವಾಗಿಯೇ ಬರುತ್ತದೆ. ತಟ್ಟನೆ ಬಂದ ನೋವು ಜೋರಾಗುತ್ತಿದ್ದರೆ, ಜೊತೆಗೆ ವಾಂತಿ, ಜ್ವರ, ತಲೆಸುತ್ತು, ರಕ್ತ ಕಂಡರೆ, ಹೊಟ್ಟೆ ಗಟ್ಟಿಯಾದರೆ, ಉಜ್ಜಬೇಡಿ, ಭೇದಿಗೆ ಕೊಡಬೇಡಿ. 108ಕ್ಕೆ ಫೋನ್ ಮಾಡಿ. ಊರಿನ ಬಾಯಿಗೆ ಹೆದರಿ ಹೆಣ್ಣುಮಕ್ಕಳನ್ನು ಮೂಲೆಯಲ್ಲಿ ನರಳಿಸಬೇಡಿ. ಒಡೆಯುವ ಕರುಳು ಬೆಳಗಾಗಲಿ ಎಂದು ಕಾಯುವುದಿಲ್ಲ. ನೀವೂ ಕಾಯಬೇಡಿ.