ಬಟ್ಟೆ ಬಂತು, ಮುಖ ಬರಲಿಲ್ಲ

ತೆನಿಂಬಾ ಕೂಲಿಬಾಲಿ ತಂದ ಹಳೆಯ ಫೋಟೋದಲ್ಲಿ ಅವಳ ತಾಯಿ ಇದ್ದಾಳೆ ಅನ್ನುವುದಕ್ಕೆ ಉಡುಪೊಂದೇ ಸಾಕ್ಷಿ. ಬಿಳಿಯ ಮೇಲೆ ಬಿಳಿಯದೇ ಬಳ್ಳಿ ನೇಯ್ದು, ಕೊಡತಿಯಿಂದ ಬಡಿದು ಹೊಳಪು ತರಿಸಿದ ಬಜಾನ್ ಬಟ್ಟೆ. ಎಲೆಗಳನ್ನು ಎಣಿಸಬಹುದು. ಕೊರಳಿನಿಂದ ಮೇಲೆ ಬರೀ ಕಪ್ಪು.

"ಐವತ್ತೆರಡು ವರ್ಷ ಈ ಕಪ್ಪನ್ನೇ ಅಮ್ಮ ಅಂದಿದೀನಿ ಕಣೆ ಸಿರಾ. ನಾನು ಆರು ತಿಂಗಳ ಕೂಸಾಗಿದ್ದಾಗಲೇ ಅವಳು ತೀರಿಹೋದಳು. ಸಾಕಿದ ಚಿಕ್ಕಮ್ಮ ಇವತ್ತಿಗೂ ಅನ್ನೋದು ಒಂದೇ: ನಿಮ್ಮಮ್ಮ ಬೆಣ್ಣೆ ಥರ ಇದ್ದಳು, ನೀನು ಯಾರ ಹಾಗೆ ಹುಟ್ಟಿದೆಯೋ ಅಂತ. ಒಂದ್ಸಲ ಅವಳ ಮುಖ ನೋಡಬೇಕು."

"ಅಲಸಂದೆ ತಿನ್ನೋರ ಮುಖ ನೋಡಿ ನನ್ನ ಯಂತ್ರ ಕೆಟ್ಟುಹೋದ್ರೆ?" ಎಂದಳು ಸಿರಾ, ಸ್ಕ್ಯಾನರಿನ ಮೇಲೆ ತಟ್ಟುತ್ತ.

"ನೀವು ಕೇತಾಗಳು ನಮ್ಮ ಮನೆ ಅಲಸಂದೆ ನೆಕ್ಕಿಯೇ ಬೆಳೆದೋರು. ಕೆಲಸ ನೋಡು!"

ಸೆಗೂ ಊರಿನಲ್ಲಿ ಕೇತಾ, ಕೂಲಿಬಾಲಿ ಮನೆತನದವರು ಎದುರಾದರೆ ಒಬ್ಬರನ್ನೊಬ್ಬರು ಅಲಸಂದೆ ತಿನ್ನುವವರೆಂದು ಹೀಗೆ ಕಾಲೆಳೆಯದೆ ಯಾವ ಕೆಲಸವೂ ಶುರುವಾಗುವುದಿಲ್ಲ.

ಸಿರಾಳ ಅಪ್ಪನೇ ತೆಗೆದ ಫೋಟೋ ಅದು; ಅವನ ಸ್ಟುಡಿಯೋದ ಡಬ್ಬಗಳಲ್ಲಿ ಅದರ ನೆಗೆಟಿವ್ ಸಿಕ್ಕಿತ್ತು. ಸಿರಾ ಅದನ್ನು ಸ್ಕ್ಯಾನರಿಗೆ ಹಾಕಿ, ಎರಡು ವರ್ಷದಿಂದ ಹಳೆಯ ನೆಗೆಟಿವ್‌ಗಳಿಗೆಲ್ಲ ಮಾಡುವಂತೆ ಅಪ್ಪ ಅಚ್ಚಿಳಿಸಿದ್ದ ಫೋಟೋವನ್ನು ಪಕ್ಕದಲ್ಲಿಟ್ಟುಕೊಂಡು, ಕಪ್ಪುಬಿಳುಪನ್ನು ಅದಕ್ಕೇ ಹೊಂದಿಸಿದಳು. ಮತ್ತೆ ಅದೇ ಕಪ್ಪು.

ತೆನಿಂಬಾ ಪರದೆಯಿಂದ ಮುಖ ತಿರುಗಿಸಿದಳು. ಅದೇ ಸಿರಾಗೆ ಚುಚ್ಚಿತು. ನೆಗೆಟಿವನ್ನು ಹೊರತೆಗೆದು ಕಿಟಕಿಯ ಬೆಳಕಿಗೆ ಹಿಡಿದಳು. ನೆಗೆಟಿವಿನಲ್ಲಿ ಎಲ್ಲ ತಿರುವುಮುರುವು: ಬಿಳಿ ಬಟ್ಟೆಯ ಜಾಗ ಮಸಿಯಂತೆ ದಟ್ಟ. ಮುಖದ ಜಾಗ ತೀರ ತೆಳು, ಆದರೆ ಖಾಲಿಯಲ್ಲ. ಕೂದಲೆಳೆಯಂಥ ಗೆರೆಗಳಿದ್ದವು. ಅಂದರೆ ಫಿಲ್ಮಿನ ತಪ್ಪಲ್ಲ. ಫೋಟೋ ಅಚ್ಚಿಳಿಸುವಾಗ ಅಪ್ಪ ಬಟ್ಟೆಗೆ ಬೇಕಾದಷ್ಟು ಹೊತ್ತು ಕಾಗದಕ್ಕೆ ಬೆಳಕು ಕೊಟ್ಟಿದ್ದ. ಅಷ್ಟು ಬೆಳಕಿಗೆ ಮುಖ ಕಪ್ಪಿನಲ್ಲಿ ಕರಗಿಹೋಗಿತ್ತು. ಆಗಿನ ಗಿರಾಕಿಗಳು ಬಜಾನಿನ ಬಳ್ಳಿ ಕಾಣದಿದ್ದರೆ ಫೋಟೋ ವಾಪಸು ತರುತ್ತಿದ್ದರು. ಮುಖ ಕಾಣಲಿಲ್ಲವೆಂದು ಯಾರೂ ತಂದವರಲ್ಲ. ಮುಖವನ್ನು ಮನೆಯಲ್ಲೇ ನೋಡಬಹುದಿತ್ತಲ್ಲ.

ಅಪ್ಪನ ಕೈಯನ್ನು ತಿದ್ದುವುದೆಂದರೆ ಸಿರಾಗೆ ಅವನ ಮಾತಿಗೆ ಅಡ್ಡ ಬಾಯಿ ಹಾಕಿದಂತೆ. ಆದರೂ ಫೋಟೋವನ್ನು ಬೋರಲು ಹಾಕಿದಳು. ಪರದೆಯ ಮೇಲಿನ ಕಪ್ಪುಬಿಳುಪಿನ ಪಟ್ಟಿಯಲ್ಲಿ ಯಂತ್ರ ತಾನಾಗಿ ಕತ್ತರಿಸುತ್ತಿದ್ದ ಎರಡು ತುದಿಗಳನ್ನೂ, ಕಡುಗಪ್ಪಿನ ಆಚೆಗೊಂದು, ಅಚ್ಚಬಿಳುಪಿನ ಆಚೆಗೊಂದು, ಸರಿಸಿ ಮತ್ತೆ ಸ್ಕ್ಯಾನ್ ಮಾಡಿದಳು.

"ಥೂ, ಇದೇನೇ? ಬೂದಿ ಬಳಿದ ಹಾಗಿದೆ!"

"ಇರಕ್ಕಾ. ಮೊದಲು ಎಲ್ಲಾ ಒಳಗೆ ಬರಲಿ. ಈಗಲೇ ಚೆನ್ನಾಗಿ ಕಾಣ್ಲಿ ಅಂದ್ರೆ ಬಿಟ್ಟುಹೋದದ್ದು ಆಮೇಲೆ ಸಿಗಲ್ಲ."

ನೆರಳಿನ ಕಡೆಯನ್ನು ಎಳೆಎಳೆಯಾಗಿ ಬೆಳಕಿಗೆ ಎತ್ತಿದಳು, ಬಟ್ಟೆಯನ್ನು ಇದ್ದಲ್ಲೇ ಹಿಡಿದಳು. ಕಿವಿಯೋಲೆ ಬಂತು. ಗಲ್ಲ ಬಂತು. ಆಮೇಲೆ ಕಣ್ಣು.

ಬೆಣ್ಣೆಯ ಮುಖವಲ್ಲ ಅದು. ಹುಬ್ಬು ಗಂಟಿಕ್ಕಿತ್ತು, ತುಟಿ ಬಿಗಿದಿತ್ತು. ಕ್ಯಾಮೆರಾದ ಹಿಂದಿನವನಿಗೆ ಬೇಗ ಮುಗಿಸು ಎನ್ನುವ ನೋಟ.

ತೆನಿಂಬಾ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡಳು.

"ಆ ಹುಬ್ಬಿನ ಗಂಟು ಸ್ವಲ್ಪ ನಯ ಮಾಡ್ಲಾ ಅಕ್ಕಾ?" ಸಿರಾ ಮೆಲ್ಲಗೆ ಕೇಳಿದಳು.

"ಕೈ ಹಚ್ಚಿದ್ರೆ ನೋಡು!"

ಸಿರಾ ಬೆಚ್ಚಿ ತಿರುಗಿದಳು. ಪರದೆಯ ಮೇಲಿದ್ದ ಗಂಟೇ ತೆನಿಂಬಾಳ ಹಣೆಯಲ್ಲೂ ಇತ್ತು. ಅದರ ಕೆಳಗೆ ಕಣ್ಣು ಮಾತ್ರ ತುಂಬಿ ಬಂದಿತ್ತು.

"ಹೀಗೇ ಇರ್ಲಿ," ಎಂದಳು ತೆನಿಂಬಾ. "ದೊಡ್ಡದು ಮಾಡಿಕೊಡು. ಚಿಕ್ಕಮ್ಮನ ಮಂಚದ ಎದುರಿಗೇ ತೂಗುಹಾಕ್ತೀನಿ."