ರಾಘವ ಆಡದೆ ಬಿಟ್ಟ ವಾದ

ಸುಪ್ರಜಾಳಿಗೆ ವಾದ ಮಾಡುವುದನ್ನು ಕಲಿಸಿದವನು ಅವಳ ಅಣ್ಣ ರಾಘವ. ಅವನಿಗೆ ಹದಿನೆಂಟು, ಅವಳಿಗೆ ಹದಿನೈದು. ಏಳನೇ ಕ್ಲಾಸಿನವರೆಗೆ ಶಾಲೆಯ ಪರವಾಗಿ ಚರ್ಚಾಸ್ಪರ್ಧೆಗಳಿಗೆ ಅವನೇ ಹೋಗುತ್ತಿದ್ದ. ಚಿಕ್ಕಂದಿನಲ್ಲೇ ಗೊತ್ತಾಗಿದ್ದ, ಸ್ನಾಯುಗಳು ಒಂದೊಂದಾಗಿ ಸೋಲುವ ಕಾಯಿಲೆ ಆಮೇಲೆ ಕಾಲನ್ನು ಪೂರ್ತಿ ಹಿಡಿಯಿತು, ಮನೆಗೆ ಗಾಲಿಕುರ್ಚಿ ಬಂತು. "ಸ್ಟೇಜ್ ಹತ್ಸಿ ಇಳ್ಸೋಷ್ಟ್ರಲ್ಲಿ ಜಡ್ಜ್‌ಗಳ ಮೂಡೇ ಹೋಗುತ್ತೆ ಕಣಪ್ಪ" ಎಂದು ವೀರಭದ್ರಯ್ಯ ಮೇಷ್ಟ್ರು ಅವನನ್ನು ತಂಡದಿಂದ ಕೈಬಿಟ್ಟರು. ಬೇಸರದಿಂದಲೇ ಹೇಳಿದರು. ಆದರೆ ಹೇಳಿದ್ದು ಇಡೀ ಕ್ಲಾಸಿನ ಎದುರಿಗೆ.

ಅದೇ ಮೇಷ್ಟ್ರು ಕೆಲವು ವರ್ಷಗಳ ನಂತರ ಸುಪ್ರಜಾಳನ್ನು ಆರಿಸಿಕೊಂಡರು. ಚಾಮರಾಜಪೇಟೆಯ ಮನೆಯ ಹಾಲಿನಲ್ಲಿ ಸಂಜೆ ಹೊತ್ತು ಅಣ್ಣ ತಂಗಿ ವಾದಕ್ಕೆ ಕೂರುತ್ತಿದ್ದರು. ಒಂದು ದಿನ ಅವಳು ಪರ, ಅವನು ವಿರೋಧ. ಮಾರನೆಯ ದಿನ ಅದಲುಬದಲು. ಈ ವರ್ಷ ಜಿಲ್ಲಾ ವಿಜ್ಞಾನ ಚರ್ಚಾಸ್ಪರ್ಧೆಯ ವಿಷಯ ಬಂದಾಗ ಮಾತ್ರ ಅವರ ತಾಯಿ ಅಡುಗೆಮನೆಯಿಂದ ಹೊರಗೆ ಬಂದರು. ಆನುವಂಶಿಕ ಕಾಯಿಲೆಗಳ ಪರೀಕ್ಷೆ ಗರ್ಭದಲ್ಲೇ ಕಡ್ಡಾಯವಾಗಬೇಕು ಎನ್ನುವುದು ವಿಷಯ.

"ಬೇರೆ ಟಾಪಿಕ್ಕೇ ಸಿಗ್ಲಿಲ್ವಂತಾ ಅವ್ರಿಗೆ?"

"ಸಿಕ್ಕಿದ್ರೂ ನಮ್ಮಷ್ಟು ಚೆನ್ನಾಗಿ ಗೊತ್ತಿರೋರು ಯಾರಿದಾರಮ್ಮ" ಎಂದು ರಾಘವ ನಕ್ಕ.

ಆದರೂ ಅಭ್ಯಾಸದಲ್ಲಿ ಅವನ ಕಾಯಿಲೆಯ ಹೆಸರನ್ನು ಇಬ್ಬರೂ ಎತ್ತಲಿಲ್ಲ. ಎತ್ತಬಾರದೆಂದು ಯಾರೂ ಹೇಳಿರಲಿಲ್ಲ. ಕಾನೂನು, ಖರ್ಚು, ಬೇರೆ ದೇಶಗಳ ಉದಾಹರಣೆ, ಇಷ್ಟರಲ್ಲೇ ಸುತ್ತುತ್ತಿದ್ದರು.

ಸೆಮಿಫೈನಲ್ ಬಸವನಗುಡಿಯ ಒಂದು ಶಾಲೆಯ ಸಭಾಂಗಣದಲ್ಲಿತ್ತು. ತಂದೆ ರಾಘವನನ್ನು ಎತ್ತಿ ಆಟೋದಲ್ಲಿ ಕೂರಿಸಿ ಆಫೀಸಿಗೆ ಹೋದರು. ತಾಯಿ ಜೊತೆಯಲ್ಲಿ ಬಂದರು. ಚೀಟಿ ಎತ್ತಿದಾಗ ಸುಪ್ರಜಾಳಿಗೆ ಪರ ಬಂತು. ಮೇಷ್ಟ್ರು ಅವಳನ್ನು ಕಾರಿಡಾರಿಗೆ ಕರೆದರು.

"ನಿಮ್ಮಣ್ಣನ್ ವಿಷ್ಯ ಹೇಳು."

"ಅವನು ಇಲ್ಲೇ ಕೂತಿದಾನೆ ಸರ್."

"ಅದಕ್ಕೇ ಹೇಳ್ತಿರೋದು. ಜಡ್ಜ್‌ಗಳು ಕಣ್ಣಾರೆ ನೋಡ್ತಾರೆ. ನಿನ್ನೆದುರು ಮಾತಾಡೋ ಅಮರ್, ಡಾಕ್ಟ್ರ ಮಗ ಅವನು. ಅಂಕಿಅಂಶದಲ್ಲಿ ನೀನು ಅವನನ್ನ ಹೊಡಿಯಕ್ಕಾಗಲ್ಲ."

ಸ್ಟೇಜಿನ ಮೇಲೆ ಅವಳು ಅಣ್ಣನ ವಿಷಯ ಹೇಳಿದಳು. ಆರಂಭದಲ್ಲಿ ಧ್ವನಿ ತಗ್ಗಿತ್ತು. ಸಭೆ ಸದ್ದಡಗಿ ಕೇಳುತ್ತಿರುವುದು ತಿಳಿದ ಮೇಲೆ ಏರಿತು. "ನನ್ನ ಅಣ್ಣನಿಗೆ ತಟ್ಟೆಯಿಂದ ಬಾಯಿಗೆ ತುತ್ತು ಎತ್ತಲು ಆಗುವುದಿಲ್ಲ. ಅವನು ಮಗ್ಗುಲು ಬದಲಿಸಬೇಕಾದರೂ ನನ್ನ ತಾಯಿ ನಿದ್ದೆಗೆಟ್ಟು ಏಳಬೇಕು. ಅಂದು ಈ ಪರೀಕ್ಷೆ ಕಡ್ಡಾಯವಾಗಿದ್ದಿದ್ದರೆ ನನ್ನ ತಾಯಿಗೆ ಈ ಶಿಕ್ಷೆ ಇರುತ್ತಿರಲಿಲ್ಲ."

ಶಿಕ್ಷೆ ಎನ್ನುವ ಪದ ಅವಳು ಮೊದಲೇ ಯೋಚಿಸಿದ್ದಲ್ಲ, ಬಾಯಿಗೆ ಬಂದದ್ದು. ಜನ ಕತ್ತು ತಿರುಗಿಸಿ ಗಾಲಿಕುರ್ಚಿಯನ್ನು ನೋಡಿದರು. ಹಿಂದಿನ ಸಾಲಿನವರು ಎದ್ದು ನಿಂತು ನೋಡಿದರು. ರಾಘವ ಸ್ಟೇಜಿನ ಕಡೆಗೇ ನೋಡುತ್ತ ಕೂತಿದ್ದ. ಚಪ್ಪಾಳೆ ತುಂಬ ಹೊತ್ತು ಬಿತ್ತು.

ಅಮರ್ ಮೆತ್ತಗಿನ ಹುಡುಗ. ಎದುರಾಳಿಗೆ ಕೈಮುಗಿದು ಮಾತು ಶುರುಮಾಡಿದ. "ಸುಪ್ರಜಾ ಅವರ ನೋವು ನನಗೆ ಅರ್ಥವಾಗುತ್ತದೆ. ಆದರೆ ಅವರು ವಿವರಿಸಿದ ಕಾಯಿಲೆ ಗಂಡುಮಕ್ಕಳನ್ನು ಕಾಡಿದರೂ ಹೆಚ್ಚಿನ ಪಾಲು ತಾಯಿಯ ಕಡೆಯಿಂದ ಬರುವಂಥದ್ದು. ಅಕ್ಕತಂಗಿಯರೂ ಅದನ್ನು ಮೈಯಲ್ಲಿ ಹೊತ್ತಿರಬಹುದು. ಅವರ ವಾದ ಒಪ್ಪಿದರೆ ಅಣ್ಣನೊಬ್ಬನ ಹುಟ್ಟನ್ನೇ ತಡೆದರೆ ಸಾಲದು. ಅವರು ಸ್ವತಃ ಪರೀಕ್ಷೆ ಮಾಡಿಸಿಕೊಂಡಿದ್ದಾರೆಯೇ?"

"ನನಗೆ ಅಂಥದ್ದೇನೂ ಇಲ್ಲ" ಎಂದಳು ಸುಪ್ರಜಾ. ಹೇಳುತ್ತ ತಾಯಿಯ ಕಡೆ ನೋಡಿದಳು. ಗಾಲಿಕುರ್ಚಿಯ ಪಕ್ಕದಲ್ಲಿ ಕೂತಿದ್ದ ತಾಯಿ ತಲೆ ತಗ್ಗಿಸಿ ಸೆರಗಿನ ಅಂಚು ಸರಿಮಾಡಿಕೊಳ್ಳುತ್ತಿದ್ದರು. ಎಷ್ಟು ಹೊತ್ತಾದರೂ ತಲೆ ಎತ್ತಲಿಲ್ಲ. ಸುಪ್ರಜಾಳಿಗೆ ಅರ್ಥವಾಯಿತು. ಸಭೆಗೂ ಅರ್ಥವಾಯಿತು.

ತೀರ್ಪುಗಾರರು ಅವಳನ್ನೇ ಗೆಲ್ಲಿಸಿದರು. ಆಘಾತದಲ್ಲೂ ಸಂಯಮ ಕಾಯ್ದುಕೊಂಡಿದ್ದಕ್ಕೆ ಎಂದು ಮೈಕಿನಲ್ಲಿ ಕಾರಣ ಹೇಳಿದರು. ಮೇಷ್ಟ್ರು ಗಾಲಿಕುರ್ಚಿಯನ್ನು ಮುಂದೆ ತಳ್ಳಿಸಿ ಫೋಟೋ ತೆಗೆಸಿದರು. "ಫೈನಲ್ಸ್‌ಗೂ ಇದೇ ಟಾಪಿಕ್. ಈ ಸಲ ನಿನ್ ವಿಷ್ಯಾನೂ ಸೇರಿಸ್ಕೋ. ಆಗ ಯಾರೂ ನಿನ್ನ ಮುಟ್ಟಕ್ಕಾಗಲ್ಲ" ಎಂದು ಸುಪ್ರಜಾಳ ಬೆನ್ನು ತಟ್ಟಿದರು.

ಮನೆಗೆ ಬರುವಾಗ ಆಟೋದಲ್ಲಿ, ಮಕ್ಕಳ ಕೂಟದ ಸರ್ಕಲ್ಲಿನ ಹತ್ತಿರ ತಾಯಿ ಬಾಯಿ ಬಿಟ್ಟರು. "ನೀನು ಐದು ವರ್ಷದವಳಿದ್ದಾಗ ಟೆಸ್ಟ್ ಮಾಡ್ಸಿದ್ವಿ. ಇದೆ ಅಂತ ಬಂತು. ಯಾರಿಗೂ ಗೊತ್ತಾಗ್ಬಾರ್ದು ಅಂತ ಇಷ್ಟು ವರ್ಷ ಮುಚ್ಚಿಟ್ಕೊಂಡು ಬಂದೆ. ನೀನೇ ಹೋಗಿ ಮೈಕ್ ಹಿಡ್ಕೊಂಡೆ. ಇನ್ನು ಯಾರು ನಿನ್ನ ಮನೆ ತುಂಬಿಸ್ಕೋತಾರೆ?"

ಸುಪ್ರಜಾ ಅಣ್ಣನ ಕಡೆ ತಿರುಗಿದಳು. "ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಪ್ರಾಕ್ಟೀಸ್‌ನಲ್ಲಿ ಯಾಕೆ ಹೇಳ್ಲಿಲ್ಲ? ಅದೇ ಒಳ್ಳೇ ಪಾಯಿಂಟು."

"ನೀನು ನನ್ನ ವಿಷ್ಯ ಎಳ್ಕೊಂಡು ಬರಲ್ಲ ಅಂದ್ಕೊಂಡಿದ್ದೆ" ಎಂದ ರಾಘವ. ಅವನ ಕೈ ತೊಡೆಯ ಮೇಲಿಂದ ಜಾರಿತ್ತು. ಅದನ್ನು ಎತ್ತಿಡಲು ಅವಳು ಬಾಗಿದಳು. "ಬೇಡ, ಅಮ್ಮ ಇಡ್ತಾರೆ" ಎಂದ.

ಮಾರನೆಯ ಸಂಜೆ ಅವನೇ ಅವಳನ್ನು ಕರೆದ. "ಬಾ, ಕೂತ್ಕೋ. ಫೈನಲ್ಸ್ ಇದೆ. ನಾನು ವಿರೋಧ."

ಅವಳಿಗೆ ಸಮಾಧಾನವಾಯಿತು, ಕ್ಷಮಿಸಿದ ಎಂದುಕೊಂಡಳು. ಎದುರಿಗೆ ಕೂತಳು. ಅವನು ಗಂಟಲು ಸರಿಮಾಡಿಕೊಂಡು, ಸ್ಟೇಜಿನ ಮೇಲಿದ್ದವನಂತೆ, ಅವಳನ್ನು ಬಹುವಚನದಲ್ಲಿ ಕರೆದ. ನಿಮಗೆ ಮಗ ಹುಟ್ಟಿದರೆ ಅವನೂ ಹೀಗೇ ಇರುವ ಸಾಧ್ಯತೆ ಅರ್ಧಕ್ಕರ್ಧ ಎಂದ. ಆ ಮಗ ಮೊದಲು ಬೀಳುವುದು ಯಾವ ವಯಸ್ಸಿನಲ್ಲಿ, ಕೊನೆಗೆ ಉಸಿರಾಡುವ ಸ್ನಾಯು ಹೇಗೆ ಸೋಲುತ್ತದೆ, ಗಂಡನ ಮನೆಯವರು ಆಗ ಏನು ಅನ್ನುತ್ತಾರೆ, ಎಲ್ಲವನ್ನೂ ನಿಧಾನವಾಗಿ, ತಪ್ಪಿಲ್ಲದ ಕನ್ನಡದಲ್ಲಿ ಹೇಳಿದ. ಆ ಶಿಕ್ಷೆ ನಿಮಗೆ ಸಲ್ಲಬೇಕಾದದ್ದೇ ಎಂದ.

"ಸಾಕು ಅಣ್ಣ."

"ಟೈಮ್ ಇನ್ನೂ ಇದೆ" ಎಂದು ಮುಂದುವರಿಸಿದ. ಅವಳು ಬಿಕ್ಕಿ ಅಳತೊಡಗಿದ ಮೇಲೂ ನಿಲ್ಲಿಸಲಿಲ್ಲ. ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತ್ತು. ತಾಯಿ ಮಾತ್ರ ಹೊರಗೆ ಬರಲಿಲ್ಲ.

ಮುಗಿದ ಮೇಲೆ ರಾಘವ ಕಣ್ಣು ಮುಚ್ಚಿಕೊಂಡ. "ಈಗ ರೆಡಿಯಾದೆ. ಇದಕ್ಕಿಂತ ಜಾಸ್ತಿ ಯಾರೂ ನಿನಗೆ ಹೇಳಕ್ಕಾಗಲ್ಲ."

ಮಲ್ಲೇಶ್ವರದಲ್ಲಿ ನಡೆದ ಫೈನಲ್ಸ್‌ಗೆ ಅವಳು ಮೆಟ್ರೋದಲ್ಲಿ ಒಬ್ಬಳೇ ಹೋದಳು. ಅಣ್ಣನ ವಿಷಯವನ್ನೂ ಹೇಳಿದಳು, ತನ್ನದನ್ನೂ ಹೇಳಿದಳು. ಒಂದು ಪದಕ್ಕೂ ಧ್ವನಿ ನಡುಗಲಿಲ್ಲ. ಮೊದಲ ಬಹುಮಾನ ಬಂತು.

ಮನೆಗೆ ಬಂದಾಗ ತಾಯಿ ಬಾಗಿಲಲ್ಲೇ ನಿಂತಿದ್ದರು. ಗೆದ್ದೆಯಾ ಎಂದು ಕೇಳಲಿಲ್ಲ. "ನಮ್ಮೋರು ಯಾರಾದ್ರೂ ಬಂದಿದ್ರಾ?" ಎಂದರು.

ಗುರುತಿನವರು ಒಬ್ಬರೂ ಬಂದಿರಲಿಲ್ಲ. ಸುಪ್ರಜಾ ಚಪ್ಪಲಿ ಬಿಡುತ್ತ, "ಎಲ್ರೂ ಬಂದಿದ್ರು" ಎಂದಳು.